ಎಲ್ಲವನ್ನೂ ನುಂಗುವ ಸಾಲು

ನಮ್ಮ ಆಸ್ಪತ್ರೆಯ ವೆಬ್‌ಸೈಟಿನಲ್ಲಿ ಯಾವ ವಿಳಾಸಕ್ಕೆ ಯಾವ ಪುಟ ತೆರೆಯಬೇಕು ಎಂಬ ನಿಯಮಗಳೆಲ್ಲ ಒಂದೇ ಫೈಲಿನಲ್ಲಿವೆ. ಅದನ್ನು ತೆರೆಯುವುದೆಂದರೆ ತಿಂಗಳುಗಟ್ಟಲೆ ತೊಳೆಯದ ಸಿಂಕಿಗೆ ಕೈ ಹಾಕಿದ ಹಾಗೆ. ‘ಹೊಸದು’, ‘ಹೊಸದು ಎರಡು’, ‘ಇದೇ ಕೊನೆ’ ಎಂದೆಲ್ಲ ವಿಳಾಸಗಳಿಗೆ ಹೆಸರು. ಕೊಳೆತದ್ದನ್ನು ಯಾರೂ ತೆಗೆದಿಲ್ಲ, ಇನ್ನೊಂದು ಸೇರಿಸಿ ಮನೆಗೆ ಹೋಗಿದ್ದಾರೆ. ಹೇಸಿಗೆ.

ಮಧ್ಯಾಹ್ನ ಅಕ್ಕ ಫೋನ್ ಮಾಡಿದಳು. ಅವಳ ಎದೆಯಲ್ಲಿದ್ದ ಗಂಟಿನ ಪರೀಕ್ಷೆ ನಮ್ಮಲ್ಲೇ ಆಗಿತ್ತು.

“ರಿಪೋರ್ಟ್ ಬಂತು ಕಣೇ! ಲಿಂಕ್ ಒತ್ತಿದೆ. ‘ಚಿಂತೆ ಬಿಡಿ, ನೀವು ಕ್ಷೇಮ’ ಅಂತ ಬರೆದಿದೆ. ನಿಮ್ ಭಾವ ಆಗ್ಲೇ ಸಿಹಿ ತರೋಕೆ ಓಡಿದ್ರು.”

ಅದು ರಿಪೋರ್ಟ್ ಅಲ್ಲ, ನಮ್ಮ ಮುಖಪುಟದ ಜಾಹೀರಾತು.

“ಫೋನ್ ಇಡಬೇಡ, ಇರು,” ಎಂದು ಫೈಲು ತೆರೆದೆ. ಈ ನಿಯಮಗಳನ್ನು ಕಂಪ್ಯೂಟರ್ ಮೇಲಿನಿಂದ ಓದುತ್ತಾ ಬಂದು ಮೊದಲು ಹೊಂದಿದ್ದನ್ನೇ ಹಿಡಿಯುತ್ತದೆ. ಎಲ್ಲಕ್ಕಿಂತ ಮೇಲೆ ಹೊಸ ಸಾಲೊಂದು ಕೂತಿತ್ತು: ಯಾವ ವಿಳಾಸ ಬಂದರೂ ಮುಖಪುಟ ತೋರಿಸು. ಕೆಳಗಿದ್ದ ರಿಪೋರ್ಟಿನ ನಿಯಮಕ್ಕೆ ಸರದಿಯೇ ಬರುವಂತಿರಲಿಲ್ಲ.

ಇದು ಮುಲಾಮಿನದೇ ಕೆಲಸ. ನಮ್ಮ ಮ್ಯಾನೇಜರನಿಗೆ ನಾವಿಟ್ಟ ಹೆಸರದು, ಎಂಥ ಗಾಯವಾದರೂ ಮೇಲೆ ಸವರಿ ಸುಮ್ಮನಾಗುವವನು. ಅವನನ್ನು ಕರೆದು ಆ ಸಾಲು ತೋರಿಸಿದೆ.

“‘ಪುಟ ಸಿಗಲಿಲ್ಲ’ ಅಂತ ಬಂದ್ರೆ ದೊಡ್ಡವರು ಬೈತಾರಮ್ಮ. ಈಗ ನೋಡು, ಬೆಳಿಗ್ಗೆಯಿಂದ ಒಂದು ದೂರೂ ಇಲ್ಲ,” ಎಂದು ಹಲ್ಲು ಕಿರಿದ.

“ತಿಪ್ಪೆ ಸಾರಿಸಿದ್ದೀರಿ. ಜನ ಅದನ್ನೇ ರಿಪೋರ್ಟ್ ಅಂದ್ಕೊಂಡಿದ್ದಾರೆ.”

“ಖುಷಿಯಾಗಿದ್ದಾರಲ್ಲ?”

ಅವನ ಮುಖಕ್ಕೆ ಉಗಿಯಬೇಕೆನಿಸಿತು. ಆ ಸಾಲನ್ನು ಕಿತ್ತು ಎಲ್ಲಕ್ಕಿಂತ ಕೆಳಗಿಟ್ಟೆ, ಇಲ್ಲದ ಪುಟವನ್ನು ಇಲ್ಲ ಎಂದೇ ಹೇಳುವಂತೆ ತಿದ್ದಿದೆ. ಅವನು ಕೀಬೋರ್ಡಿಗೆ ಕೈ ಅಡ್ಡ ತಂದ. ಆ ಕೈಯನ್ನು ಅತ್ತ ತಳ್ಳಿ, ತಿದ್ದಿದ್ದನ್ನು ಸೈಟಿಗೆ ಏರಿಸಿದೆ.

“ಅಕ್ಕಾ, ಇನ್ನೊಂದ್ಸಲ ಒತ್ತು.”

ಆಚೆ ಬಾಗಿಲು ತೆರೆದ ಸದ್ದು, ಭಾವನ ನಗು, ಪೊಟ್ಟಣ ಬಿಚ್ಚುವ ಸರಸರ.

“ಕೂಡಲೇ ಡಾಕ್ಟರನ್ನ ಕಾಣಿ ಅಂತಿದೆ ಕಣೇ,” ಎಂದಳು ಅಕ್ಕ. “ಮತ್ತೆ ಮೊದ್ಲು ಯಾಕೆ ಹಾಗೆ ಬರೆದಿದ್ರು?” ಎಂದು ಕೇಳಿದಳು.

ಮುಲಾಮು ಇನ್ನೂ ಪಕ್ಕದಲ್ಲೇ ನಿಂತಿದ್ದ. ಫೋನನ್ನು ಅವನ ಕೈಗೆ ತುರುಕಿದೆ.

“ನಮ್ಮಕ್ಕ ಕೇಳ್ತಿದ್ದಾಳೆ. ನೀವೇ ಹೇಳಿ.”