ಮೇಷ್ಟ್ರ ಫ್ರೀಜರ್ ತಟ್ಟೆ

ಬಡಾವಣೆಯ ಫ್ರಿಜ್ಜುಗಳನ್ನೆಲ್ಲ ತಣ್ಣಗಿಟ್ಟ ಮನುಷ್ಯನಿಗೆ ತನ್ನ ತಲೆಯೊಂದನ್ನು ತಣ್ಣಗಿಟ್ಟುಕೊಳ್ಳುವ ವಿದ್ಯೆ ಹತ್ತಲಿಲ್ಲ ಎಂದು ಫ್ರಿಜ್ ರಿಪೇರಿ ಮಾಡುವ ಮೇಷ್ಟ್ರ ಬೆನ್ನ ಹಿಂದೆ ಜನ ನಗುತ್ತಿದ್ದರು. ಮುಂದೆ ನಗುವ ಧೈರ್ಯ ಯಾರಿಗಿತ್ತು? ಮೂಗಿನ ತುದಿಯಲ್ಲೇ ಕೋಪ. ಯಾರಾದರೂ ‘ಇದು ಹೀಗಲ್ಲ’ ಎಂದರೆ ಸಾಕು, ಜಗಳವಿಲ್ಲ, ಮಾತಿಲ್ಲ, ಎದ್ದು ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದರು. ಹಾಗೆ ಹೊರಟ ಮನೆಗೆ ಮತ್ತೆ ಕಾಲಿಟ್ಟವರಲ್ಲ. ತಮ್ಮನ ಮನೆ ಹೋಯಿತು, ಭಾವಮೈದುನನ ಮನೆ ಹೋಯಿತು, ಪಾಲುದಾರನ ಅಂಗಡಿಯೂ ಹೋಯಿತು. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಯೊಂದು ಉಳಿದಿತ್ತು. ಅವಳೂ ಒಂದು ದಿನ ಅವರು ಹಾಕಿದ ಫ್ಯೂಸು ಸರಿಯಿಲ್ಲವೆಂದು ಬಾಯಿಬಿಟ್ಟದ್ದೇ ತಡ, ಆ ಬಾಗಿಲೂ ಒಂದು ವರ್ಷ ಮುಚ್ಚಿತ್ತು.

ಅದು ಮತ್ತೆ ತೆರೆದದ್ದು ಒಂದು ಕಂಪ್ಯೂಟರಿನಿಂದ. ಮಗಳದು ಧ್ವನಿ ಸಂಕಲನದ ಕೆಲಸ. ಮನೆಯ ಸಣ್ಣ ಕೋಣೆಯಲ್ಲೇ ಮೈಕು ಇಟ್ಟು ಜನರ ಮಾತು ರೆಕಾರ್ಡ್ ಮಾಡಿ, ಕತ್ತರಿಸಿ ಜೋಡಿಸುತ್ತಾಳೆ. ಕಂಪ್ಯೂಟರ್ ಬಿಸಿಯಾದ ಕೂಡಲೇ ಒಳಗಿನ ಫ್ಯಾನುಗಳು ಕೂಗಿಕೊಂಡು ಆ ಸದ್ದೆಲ್ಲ ಮೈಕಿಗೆ ಸೇರುತ್ತಿತ್ತು. ಫ್ಯಾನುಗಳ ಬದಲು ನೀರು ಹರಿಸಿ ತಣ್ಣಗೆ ಮಾಡಬಹುದೆಂದು ಓದಿ, ಸಾಮಾನೆಲ್ಲ ತರಿಸಿ, ಅದನ್ನು ಕೂರಿಸಲು ಕಂಪ್ಯೂಟರ್ ಪೆಟ್ಟಿಗೆಯ ತಗಡು ಕೊಯ್ಯುವುದು ಕೈಲಾಗದೆ ಅಪ್ಪನಿಗೆ ಫೋನ್ ಮಾಡಿದಳು. ಮೇಷ್ಟ್ರು ಅರ್ಧ ಗಂಟೆಯಲ್ಲಿ ಬಾಗಿಲಲ್ಲಿದ್ದರು. ಏನೇ ಆಗಲಿ, ಈ ಮನೆಯೊಂದನ್ನು ಕಳೆದುಕೊಳ್ಳಬಾರದು ಎಂದು ದಾರಿಯುದ್ದಕ್ಕೂ ತಮಗೆ ತಾವೇ ಹೇಳಿಕೊಂಡು ಬಂದಿದ್ದರು.

ನೀರಿನ ದಾರಿಯನ್ನು ಅವಳು ಕಾಗದದ ಮೇಲೆ ಬರೆದು ತೋರಿಸಿದಳು. ಪ್ರೊಸೆಸರಿನ ಮೇಲೆ ಒಂದು ತಾಮ್ರದ ಗಟ್ಟಿ ಕೂರುತ್ತದೆ. ಅದರೊಳಗೆ ಕೂದಲೆಳೆಯಷ್ಟು ಸಣ್ಣ ಸೀಳುಗಳು. ಪಂಪು ನೀರನ್ನು ಅದರಲ್ಲಿ ತಳ್ಳುತ್ತದೆ. ನೀರು ಬಿಸಿಯನ್ನು ಹೊತ್ತು ರೇಡಿಯೇಟರಿಗೆ ಹೋಗಿ, ತಣಿದು ಮರಳುತ್ತದೆ.

“ಇಷ್ಟೇನಾ? ಇದು ನಮ್ಮ ಫ್ರಿಜ್ಜಿನ ತಂಗಿ ಕಣೇ!” ಎಂದರು ಮೇಷ್ಟ್ರು.

ಅವಳು ತರಿಸಿದ್ದ ರೇಡಿಯೇಟರನ್ನು ಬೆರಳಲ್ಲಿ ತಟ್ಟಿ ನೋಡಿ ಮೂಗು ಮುರಿದರು. ಮರುದಿನ ಹಳೆಯ ಫ್ರಿಜ್ಜೊಂದರ ಫ್ರೀಜರ್ ತಟ್ಟೆಯನ್ನು ಬಗಲಲ್ಲಿಟ್ಟುಕೊಂಡು ಬಂದರು. ಅಗಲವಾದ ಅಲ್ಯೂಮಿನಿಯಂ ಹಾಳೆ, ಅದರ ಹೊಟ್ಟೆಯಲ್ಲೇ ಸುತ್ತಿ ಸುತ್ತಿ ಹೋಗುವ ಕೊಳವೆ. ಕ್ಯಾಬಿನೆಟ್ಟಿನ ಒಂದು ಪಕ್ಕದ ತಗಡನ್ನು ಕೊಯ್ದು ತೆಗೆದು ಆ ಜಾಗದಲ್ಲಿ ತಟ್ಟೆ ಕೂರಿಸಿದರು. ಗೋಡೆಯೇ ರೇಡಿಯೇಟರ್ ಆದ ಮೇಲೆ ಮೆಲ್ಲಗೆ ತಿರುಗುವ ಒಂದೇ ಒಂದು ಫ್ಯಾನು ಸಾಕಾಯಿತು. ಕೊಯ್ದ ಅಂಚನ್ನು ಅರದಿಂದ ಉಜ್ಜಿ, ಮಗಳ ಕೈಗೆ ತಾಗದಿರಲೆಂದು ಸುತ್ತ ರಬ್ಬರ್ ಪಟ್ಟಿ ಹಾಕಿದರು.

ತಟ್ಟೆ ನೋಡಿದಾಗ ಮಗಳು ಏನೋ ಹೇಳಲು ಬಾಯಿ ತೆರೆದಿದ್ದಳು. ಒಂದು ಗಳಿಗೆ ಬಿಟ್ಟು “ಚೆನ್ನಾಗಿದೆ ಅಪ್ಪ” ಎಂದಳು. ಮೆಚ್ಚಿಕೆಗೆ ಮಾತು ಹೊರಡುತ್ತಿಲ್ಲ ಎಂದುಕೊಂಡರು ಮೇಷ್ಟ್ರು.

ಒಂದಿಡೀ ಹಗಲು ಪಂಪನ್ನು ಮಾತ್ರ ಓಡಿಸಿ, ಪ್ರತಿ ಜಾಯಿಂಟಿನ ಕೆಳಗೂ ಟಿಶ್ಯೂ ಕಾಗದ ಇಟ್ಟು ಕಾದರು. ಒಂದು ಹನಿ ಜಿನುಗಲಿಲ್ಲ. ಆಮೇಲೆ ಕಂಪ್ಯೂಟರ್ ಚಾಲೂ ಮಾಡಿದಾಗ ಕೋಣೆಯಲ್ಲಿ ಅವರಿಬ್ಬರ ಉಸಿರು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು. ಅಲ್ಲಿಂದಾಚೆ ಪ್ರತಿ ಭಾನುವಾರ ಬಂದು ತಟ್ಟೆಯ ಮೇಲೆ ಅಂಗೈ ಇಟ್ಟು, ವೈದ್ಯರ ಗತ್ತಿನಲ್ಲಿ “ಪರವಾಗಿಲ್ಲ” ಎಂದು ಹೇಳಿ, ಊಟ ಮಾಡಿ ಹೋಗುತ್ತಿದ್ದರು. ವರ್ಷದ ಮೇಲೆ ಅವರಿಗೆ ಭಾನುವಾರ ಎನ್ನುವುದೊಂದು ಬಂದಿತ್ತು.

ಆರು ವಾರ ಕಳೆದ ಮೇಲೆ ಒಂದು ಗುರುವಾರ ಬೆಳಿಗ್ಗೆ, ಆ ಕಡೆ ಏನೋ ಕೆಲಸವಿತ್ತೆಂದು, ಹೇಳದೆ ಕೇಳದೆ ಹೋದರು. ಬಾಗಿಲು ತೆರೆದಿತ್ತು. ಕೋಣೆಯಲ್ಲಿ ಮಗಳು ಮಂಡಿಯೂರಿ ಕೂತು, ಕಂಪ್ಯೂಟರಿನ ಕೊಳವೆ ಬಿಚ್ಚಿ ನೀರನ್ನು ಜಗ್ಗಿಗೆ ಬಸಿಯುತ್ತಿದ್ದಳು. ಅದು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಿತ್ತು. ಗೋಡೆಯ ಬದಿಗೆ ಡಿಸ್ಟಿಲ್ಡ್ ನೀರಿನ ಖಾಲಿ ಕ್ಯಾನುಗಳು ಸಾಲಾಗಿ ನಿಂತಿದ್ದವು.

“ಏನಾಯ್ತೇ? ಪಂಪು ಕೈಕೊಡ್ತಾ?”

ಅವಳು ಬೆಚ್ಚಿ ತಿರುಗಿದಳು. ಮೇಷ್ಟ್ರು ಪಕ್ಕದಲ್ಲಿ ಕೂತು ಜಗ್ಗಿನೊಳಗೆ ಬೆರಳದ್ದಿ ಉಜ್ಜಿದರು. ಬಿಳಿಯ ನುಣ್ಣನೆಯ ಪುಡಿ. ಬಿಚ್ಚಿಟ್ಟ ತಾಮ್ರದ ಗಟ್ಟಿಯ ಸೀಳುಗಳಲ್ಲೂ ಅದೇ ತುಂಬಿತ್ತು. ಅದೇನೆಂದು ಮೇಷ್ಟ್ರಿಗೆ ಕೂಡಲೇ ಗೊತ್ತಾಯಿತು. ಫ್ರಿಜ್ಜಿನ ಹೊಟ್ಟೆಯಲ್ಲಿ ಓಡುವುದು ಗ್ಯಾಸು ಮತ್ತು ಎಣ್ಣೆ. ಅಲ್ಲಿ ತಾಮ್ರ, ಅಲ್ಯೂಮಿನಿಯಂ ಎಷ್ಟು ವರ್ಷವಾದರೂ ಜಗಳವಾಡದೆ ಬಾಳುತ್ತವೆ. ನಡುವೆ ನೀರು ಬಂತೋ, ತಾಮ್ರದ ಸಹವಾಸದಲ್ಲಿ ಅಲ್ಯೂಮಿನಿಯಂ ಸವೆದು ಪುಡಿಯಾಗುತ್ತದೆ. ಒದ್ದೆಯಾದ ಜಾಯಿಂಟುಗಳ ಹೊರಮೈಯಿಂದ ಈ ಪುಡಿಯನ್ನು ಅವರು ನೂರು ಸಲ ಕೆರೆದು ತೆಗೆದಿದ್ದರು. ಆದರೆ ಕೊಳವೆಯ ಒಳಗೇ ನೀರು ಬಿಟ್ಟದ್ದು ಜೀವನದಲ್ಲಿ ಇದೇ ಮೊದಲು. ಕೈಯ ಅಭ್ಯಾಸ ತಲೆಯನ್ನು ಕೇಳಿರಲಿಲ್ಲ.

“ಇದು ನನ್ನ ತಟ್ಟೆ ಮಾಡಿದ ಕೆಲಸ” ಎಂದರು.

ಮಗಳು ಜಗ್ಗನ್ನು ಕೈಗೆತ್ತಿಕೊಂಡಳು.

“ನಿನಗ್ಯಾವಾಗ ಗೊತ್ತಾಯ್ತು?”

“ನೀವು ತಂದ ದಿನಾನೇ. ಮೊದಲೇ ಓದಿದ್ದೆ.”

“ಆರು ವಾರ! ಹೇಳೋಕೆ ಬಾಯಿಗೇನಾಗಿತ್ತು ನಿಂಗೆ?”

“ಶನಿವಾರ ಶನಿವಾರ ತೊಳೆದು ನೀರು ಬದಲಾಯಿಸ್ತಿದ್ದೆ. ಈ ವಾರ ಅಷ್ಟರವರೆಗೂ ತಡೀಲಿಲ್ಲ.” ಅವಳು ಜಗ್ಗನ್ನು ಕೆಳಗಿಟ್ಟಳು. “ಹೇಳಿದ್ರೆ ಮತ್ತೆ ಬರ್ತಿದ್ರಾ ಅಪ್ಪ?”

ಮೇಷ್ಟ್ರಿಗೆ ಕೋಪ ನೆತ್ತಿಗೇರಿತು. “ಏನಂದ್ಕೊಂಡಿದೀಯ ನನ್ನ? ಇಷ್ಟು ವರ್ಷ ದುಡಿದಿದ್ದೀನಿ, ನಿಮ್ಮ ಕೆಲಸ ಸರಿಯಿಲ್ಲ ಅಂತ ಒಬ್ಬನಾದ್ರೂ ಮನೆಗೆ ಬಂದಿದಾನಾ?”

ಮಗಳು ದನಿ ಏರಿಸಲಿಲ್ಲ. “ಬರ್ತಿದ್ರು ಅಪ್ಪ. ನೀವಿಲ್ಲದಾಗ ಅಮ್ಮನ ಹತ್ರ ಬರ್ತಿದ್ರು. ಅವಳು ಬೇರೆ ಮೆಕ್ಯಾನಿಕ್‌ನ ಕಳಿಸಿ ಸರಿ ಮಾಡಿಸ್ತಿದ್ಲು. ನಿಮಗೆ ಹೇಳಬಾರದು ಅಂತ ನನ್ನಿಂದ ಆಣೆ ಹಾಕಿಸ್ಕೊಂಡಿದ್ಲು.”

ಮೇಷ್ಟ್ರು ಎದ್ದರು. ಕಾಲುಗಳಿಗೆ ದಾರಿ ಹೇಳಿಕೊಡಬೇಕಾಗಿರಲಿಲ್ಲ. ಅವು ತಾವಾಗಿಯೇ ಬಾಗಿಲಿಗೆ ಹೋದವು. ಒಂದು ಚಪ್ಪಲಿ ಮೆಟ್ಟಿ ಹಿಂತಿರುಗಿ ನೋಡಿದರು. ಮಗಳು ಅವರತ್ತ ನೋಡುತ್ತಲೂ ಇರಲಿಲ್ಲ. ಬ್ರಷ್ ಹಿಡಿದು ತಾಮ್ರದ ಸೀಳುಗಳನ್ನು ಉಜ್ಜಲು ಶುರುಮಾಡಿದ್ದಳು. ನಿಲ್ಲಿ ಎನ್ನಲಿಲ್ಲ, ಅಳಲೂ ಇಲ್ಲ. ಅಪ್ಪ ಹೋದರು ಎಂದು ಆಗಲೇ ಲೆಕ್ಕಕ್ಕೆ ತೆಗೆದುಕೊಂಡುಬಿಟ್ಟಿದ್ದಳು. ಅವಳಮ್ಮನೂ ಒಂದು ದಿನವಾದರೂ ನಿಲ್ಲಿ ಎಂದವಳಲ್ಲ. ಮೇಷ್ಟ್ರಿಗೆ ನಾಚಿಕೆಯಾಯಿತು. ಆ ಹೆಣ್ಣು ಎಷ್ಟು ವರ್ಷ, ಎಷ್ಟು ಜನರ ಮುಂದೆ ತನಗಾಗಿ ಕೈ ಮುಗಿದಿದ್ದಳೋ! ಕ್ಷಮಿಸು ಎನ್ನೋಣವೆಂದರೆ ಅವಳಿಲ್ಲ.

ಚಪ್ಪಲಿ ಬಿಟ್ಟು ಒಳಗೆ ಬಂದು ಮಗಳ ಎದುರಿಗೆ ನೆಲದ ಮೇಲೆ ಕೂತರು.

“ಯಾರ್ಯಾರು ಬಂದಿದ್ರು? ಹೇಳು.”

“ಬೇಡ ಬಿಡಿ ಅಪ್ಪ. ಕೋಪ ಬರುತ್ತೆ ನಿಮಗೆ.”

“ಬಂದಿದೆ” ಎಂದರು ಮೇಷ್ಟ್ರು. “ಬಂದ್ರೂ ಕೂತಿದ್ದೀನಲ್ಲ. ನೀನು ಹೇಳು.”