ಜಿಜಿಟಿ ಏರಿದ ವರ್ಷ

"ಬೇರೆ ಎಂತಾದ್ರೂ ಮಾತ್ರೆ ತಿಂತಾರಾ?" ಎಂದು ಡಾಕ್ಟರು ಮೊದಲ ಸಲ ಕೇಳಿದಾಗ ಪ್ರಫುಲ್ಲಾ "ಇಲ್ಲ" ಎಂದಿದ್ದಳು. ಪಕ್ಕದಲ್ಲಿ ನಿಂತಿದ್ದ ನರ್ಸು ಇವರದೇ ಊರಾದ ವರ್ಕಾಡಿಯವಳು. ಗಂಡ ಉಗ್ಗಪ್ಪನಿಗೆ ಫಿಟ್ಸ್ ಇರುವ ಸುದ್ದಿ ಊರಿಗೆ ಮುಟ್ಟಿದರೆ ಮಗಳು ಯಶ್ಮಿತಾಳನ್ನು ನೋಡಲು ಯಾವ ಗಂಡೂ ಬರುವುದಿಲ್ಲ. ಯಾರಿಗೂ ಹೇಳಬಾರದೆಂದು ಗಂಡನ ಬಾಯಿಯನ್ನೂ ಪ್ರಫುಲ್ಲಾಳೇ ಕಟ್ಟಿದ್ದಳು.

ಉಗ್ಗಪ್ಪನ ರಕ್ತಪರೀಕ್ಷೆಯಲ್ಲಿ ಜಿಜಿಟಿ ಎಂಬ ಲಿವರಿನ ಕಿಣ್ವ ವಿಪರೀತ ಏರಿತ್ತು. ಕುಡಿಯುವವರಲ್ಲಿ ಹೀಗಾಗುತ್ತದೆ ಎಂದು ಡಾಕ್ಟರು ಹೇಳಿದ್ದೇ ತಡ, ಪ್ರಫುಲ್ಲಾ ಕೆಂಡವಾದಳು. ಬಿಟ್ಟೆನೆಂದ ಕುಡಿತ ಕದ್ದುಮುಚ್ಚಿ ನಡೆಯುತ್ತಿದೆಯೇ? ಉಗ್ಗಪ್ಪ ಎಷ್ಟು ಅಂಗಲಾಚಿದರೂ ಕೇಳದೆ ಅವನ ಅಣ್ಣನಿಗೆ ದೂರು ಹೇಳಿದಳು. ಕುಡುಕನಿಗೆ ಬೇಡವೆಂದು ಅಣ್ಣ ಹೇಳಿದ್ದರಿಂದ ಆ ವರ್ಷದ ಭೂತಕೋಲದಲ್ಲಿ ದೈವದ ಮುಂದೆ ದೀವಟಿಗೆ ಹಿಡಿಯುವ ಕೆಲಸ ಉಗ್ಗಪ್ಪನ ಕೈತಪ್ಪಿತು. ಅವನು ದೂರದಲ್ಲಿ, ಚಪ್ಪರದ ಕಂಬಕ್ಕೆ ಒರಗಿ ನಿಂತು ನೋಡಿದ.

ಕೋಲ ಮುಗಿದ ಮೇಲೂ ಜಿಜಿಟಿ ಇಳಿಯಲಿಲ್ಲ. ಇವತ್ತು ಅವಳೊಬ್ಬಳೇ ರಿಪೋರ್ಟು ತೋರಿಸಲು ಹೋದಾಗ ಡಾಕ್ಟರು ಅದೇ ಪ್ರಶ್ನೆ ಕೇಳಿದರು. ಆ ನರ್ಸು ಇರಲಿಲ್ಲ. ಪ್ರಫುಲ್ಲಾ ಬ್ಯಾಗಿನಿಂದ ಮಾತ್ರೆ ತೆಗೆದು ಮೇಜಿನ ಮೇಲಿಟ್ಟಳು.

"ಇದನ್ನು ಆಗಲೇ ಹೇಳ್ಬಾರದಿತ್ತಾ? ಈ ಫಿಟ್ಸಿನ ಮಾತ್ರೆಯಿಂದಲೂ ಜಿಜಿಟಿ ಏರ್ತದೆ. ಲಿವರಿನ ಬೇರೆ ಪರೀಕ್ಷೆಯೆಲ್ಲ ಸರಿ ಉಂಟು. ನಿಲ್ಲಿಸ್ಬೇಡಿ, ಕೊಡ್ತಾ ಇರಿ."

ರಾತ್ರಿ ಮನೆಯಲ್ಲಿ ಊಟವಾದ ಮೇಲೆ ಉಗ್ಗಪ್ಪ ಎಂದಿನಂತೆ ಅವಳ ಮುಂದೆ ಅಂಗೈ ಚಾಚಿದ. ಅವಳು ಕೊಡುವಾಗ ಮಾತ್ರೆ ಕೈಜಾರಿ ನೆಲಕ್ಕೆ ಬಿತ್ತು. ಅವನೇ ಬಗ್ಗಿ ಹೆಕ್ಕಿಕೊಂಡು, ಅಂಗಳದ ಕಡೆ ನೋಡಿ, ಮೆಲ್ಲಗೆ ಹೇಳಿದ:

"ಮೊದಲು ಬಾಗಿಲು ಹಾಕು ಮಾರಾಯ್ತಿ. ಯಾರಾದ್ರೂ ನೋಡಿದ್ರೆ?"