ಅಲ್ದೀನಾಳ ಕೊನೆಯ ಮಾತು

ಕರ್ರ್ ಎಂದು ಡಬ್ಬಿಯ ಮುಚ್ಚಳ ತಿರುಗಿದ ಸದ್ದು, ಪಕ್ಕದ ಕುರ್ಚಿಯಿಂದ, ಜ್ಯೇಷ್ಠಮಧುವಿನ ಕಪ್ಪು ಮಾತ್ರೆಯ ಡಬ್ಬಿ ಅದು, ಆಟದ ನಡುವೆ ಒಮ್ಮೆ ಕೆಮ್ಮಿದರೂ ಮಾನ ಹೋಯಿತೆಂದು ತಿಳಿಯುವವರು ಮೇಷ್ಟ್ರು ಎವಾರಿಸ್ತೊ, ಎಂಬತ್ತು ದಾಟಿದರೂ ಆ ಭಯ ಬಿಟ್ಟಿಲ್ಲ, ತಗೋ ಒರ್ತೆನ್ಸಿಯಾ, ಒಂದು ಬಾಯಿಗೆ ಹಾಕ್ಕೋ, ಯಾಕೋ ಗಂಟಲು ಒಣಗಿದೆ ನಿಂಗೆ, ಎಂದು ಪಿಸುಗುಟ್ಟುತ್ತಾರೆ, ಒಣಗದೆ ಇನ್ನೇನು, ಬೆಳಗ್ಗೆಯಿಂದ ಒಂದೇ ಮಾತನ್ನು ಬಾಯಲ್ಲಿಟ್ಟುಕೊಂಡು ಕೂತಿದ್ದಾಳೆ, ಅದು ಒಳಗೂ ಇಳಿಯದು ಹೊರಗೂ ಬಾರದು, ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟಳು, ಮೊದಲು ಸಿಹಿ, ಆಮೇಲೆ ಕಹಿ — ಮೂರನೆಯ ಅಂಕ ಶುರುವಾಗಿದೆ, ಇವತ್ತು ಕೊನೆಯ ತಾಲೀಮು, ನಾಳೆ ಮೊದಲ ಪ್ರದರ್ಶನ, ಊರ ತುಂಬ ಗೋಡೆಗಳ ಮೇಲೆ ಅವಳದೇ ಹೆಸರು, ತಾರ್ಕ್ವಿನಿಯೊ ಸೊರಾನಿಯ ಒಪೆರಾ ‘ಅಲ್ದೀನಾ’, ಸಂಗೀತಗಾರನ ಕೈಬರಹದಿಂದ ಮರಳಿ ಪಡೆದ ಮೂಲ ರೂಪದಲ್ಲಿ, ಸಂಪಾದನೆ ಒರ್ತೆನ್ಸಿಯಾ ಗಂದಿನಿ, ಮೂಲ ರೂಪವಂತೆ, ಮತ್ತೆ ಪಾರ್ಮಾದ ಜನವೋ, ತಾಲೀಮಿಗೂ ಬಂದು ಮೇಲಿನ ಅಟ್ಟ ತುಂಬುವವರು, ಕಟುಕರು, ಕ್ಷೌರಿಕರು, ಪಿಂಚಣಿಯ ಮುದುಕರು, ಒಂದು ಸ್ವರ ಜಾರಿದರೆ ಹಾಡುವವಳ ಜನ್ಮ ಜಾಲಾಡುವವರು, ಬಿಡುವಿನಲ್ಲಿ ಅವಳ ತಲೆ ಕಂಡದ್ದೇ ತಡ ಮೇಲಿಂದ ಕೂಗಿದ್ದರು, ಏನಮ್ಮಾ ಪ್ರೊಫೆಸರಮ್ಮಾ, ನಮ್ಮ ಅಲ್ದೀನಾ ಬಾಯಿ ಬಿಡ್ತಾಳೋ ಇಲ್ಲ ಮೂಗಿಯಾಗೇ ಸಾಯ್ತಾಳೋ, ಇನ್ನೊಬ್ಬ, ನಮ್ಮತ್ತೆಗೂ ಈ ಯಮ್ಮನ ಪುಸ್ತಕ ಒಂದು ಕೊಡಿಸ್ರೋ, ಮನೇಲಿ ಸ್ವಲ್ಪ ಸುಮ್ಮನಿರಲಿ, ಅಟ್ಟವೆಲ್ಲ ಘೊಳ್ಳೆಂದು ನಕ್ಕಿತು, ಮೇಷ್ಟ್ರು ಎದ್ದು ನಿಂತು ಕೋಲು ಎತ್ತಿ ಬೈದರು, ಸುಮ್ಮನಿರ್ರೋ ಕತ್ತೆಗಳಾ, ಅವಳು ಓದಿರೋದೇ ಸರಿ, ನಾನು ಹೇಳ್ತಾ ಇದೀನಿ — ಅವರು ಹೇಳಿದರು, ಬೇರೆ ಯಾರೂ ಅಲ್ಲ, ಅವರೇ ಹೇಳಿದರು, ಅವಳು ತಲೆ ತಗ್ಗಿಸಿ ತನ್ನ ಚಪ್ಪಲಿಯ ಬಾರು ನೋಡುತ್ತಾ ಕೂತಿದ್ದಳು.

ಪಾಚೆ ಅಂದರೆ ಶಾಂತಿ, ಎರಡು ಸ್ವರದ ಮಾತು, ನೂರು ವರ್ಷದಿಂದ ಅಚ್ಚಾದ ಪುಸ್ತಕಗಳಲ್ಲೆಲ್ಲ, ನಲವತ್ತು ವರ್ಷದ ಹಿಂದೆ ಮೇಷ್ಟ್ರೇ ಸಂಪಾದಿಸಿದ್ದರಲ್ಲೂ, ಅಲ್ದೀನಾ ಆ ಮಾತು ಹಾಡಿಯೇ ಸತ್ತಿದ್ದಾಳೆ, ಸ್ವಂತ ಅಣ್ಣನೇ ಅವಳನ್ನು ಸೈನಿಕರಿಗೆ ಹಿಡಿದುಕೊಟ್ಟವನು, ಕೊನೆಗೆ ಬಂದು ಕಾಲಿಗೆ ಬಿದ್ದು ಗೋಳಾಡುತ್ತಾನೆ, ಅವಳು ಅವನ ತಲೆಯ ಮೇಲೆ ಕೈಯಿಟ್ಟು ಪಾಚೆ ಎನ್ನುತ್ತಾಳೆ, ಕಣ್ಣು ಮುಚ್ಚುತ್ತಾಳೆ, ಅಟ್ಟದಲ್ಲಿ ಕಟುಕರು ಅಳುತ್ತಾರೆ, ಇಷ್ಟೇ ಕಥೆ, ಯಾರಿಗೆ ಏನು ತೊಂದರೆಯಾಗಿತ್ತು ಅದರಿಂದ, ಆದರೆ ಒರ್ತೆನ್ಸಿಯಾ ಕೈಬರಹದ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದಳು, ನೋಡಿ ತಾಚೆ ಎಂದು ಓದಿದಳು, ತಾಚೆ, ಸುಮ್ಮನಿದೆ, ಯಾವ ವಾದ್ಯ ಯಾವ ಕಂಠ ಎಲ್ಲಿ ಮೌನವಾಗಿರಬೇಕೋ ಅಲ್ಲಿ ಸಂಗೀತಗಾರರು ಬರೆಯುವ ಸೂಚನೆ, ಊರಿನ ತರಕಾರಿಯವಳ ಕೈಗೆ ಕೊಟ್ಟಿದ್ದರೂ ಪಾಚೆ ಎಂದೇ ಓದುತ್ತಿದ್ದಳು, ತಾಚೆ ಕಾಣಬೇಕಾದರೆ ಸ್ವರಲಿಪಿಗಳ ನಡುವೆಯೇ ಕೂದಲು ನೆರೆಸಿಕೊಂಡವಳ ಕಣ್ಣು ಬೇಕು, ಹಾಳು ಕಣ್ಣು, ಪಾಚೆಯ ಮೊದಲ ಅಕ್ಷರ p, ಅದಕ್ಕೆ ಕೆಳಗೆ ಇಳಿಬಿಟ್ಟ ಕಾಲು, ತಾಚೆಯದು t, ಅದಕ್ಕೆ ಕತ್ತಿನ ಮೇಲೆ ಅಡ್ಡಗೆರೆ, ಸೊರಾನಿಯ ಅವಸರದ ಬರಹದಲ್ಲಿ ಉಳಿದದ್ದೆಲ್ಲ ಒಂದೇ, ಅಡ್ಡಗೆರೆ ಇತ್ತು, ಕಾಲು ಕಾಣಲಿಲ್ಲ, ಮಾತು ಶಾಯಿಯಲ್ಲಿ, ಮೇಲಿನ ಎರಡು ಸ್ವರ ಮಾತ್ರ ಪೆನ್ಸಿಲಿನಲ್ಲಿ, ಆ ಪೆನ್ಸಿಲು ಪ್ರಕಾಶಕನದು ಎಂದು ಬರೆದಳು, ಕ್ಷಮಿಸದೆ ಸಾಯುವ ಹೆಣ್ಣನ್ನು ಕಂಡರೆ ಜನ ಟಿಕೆಟ್ ಕೊಳ್ಳುವುದಿಲ್ಲವೆಂದು ಹೆದರಿ ಅವನೇ ಸಕ್ಕರೆ ಬೆರೆಸಿದ ಎಂದು ಬರೆದಳು, ಪತ್ರಿಕೆಗಳು ತಲೆಯ ಮೇಲೆ ಹೊತ್ತು ಕುಣಿದವು, ಎಂಥ ಮೌನ, ಎಂಥ ಧೈರ್ಯ, ಮೇಷ್ಟ್ರು ಒಬ್ಬರೇ ಮೆಲ್ಲಗೆ ಹೇಳಿದ್ದರು, ಇಲ್ಲ ಮಗೂ, ಸೊರಾನಿ ಹಾಗೇನೇ, ಮಾತು ಮೊದಲು ಶಾಯೀಲಿ ಬರೆದು ಊಟಕ್ಕೆ ಹೋಗ್ತಿದ್ದ, ಸ್ವರ ಆಮೇಲೆ ಪೆನ್ಸಿಲಲ್ಲಿ ಹುಡುಕ್ತಿದ್ದ, ಅದಕ್ಕೆ ಅವಳು, ಮೇಷ್ಟ್ರೇ ಅದು ಅಜ್ಜಿ ಕಥೆ, ಅಜ್ಜಿ ಕಥೆ ಎಂದಳು, ಬರೆದದ್ದನ್ನು ಓದಲು ಬೆರಳು ಹಿಡಿದು ಕಲಿಸಿದವರಿಗೆ, ಗುರುವಿಗೇ ತಿರುಮಂತ್ರ, ಸಾಲದು ಎಂಬಂತೆ ಬೊಲೋನ್ಯದ ಸಭೆಯಲ್ಲಿ, ಅವರು ಮುಂದಿನ ಸಾಲಿನಲ್ಲೇ ಕೂತಿದ್ದಾಗ, ನಮ್ಮ ಹಳೆಯ ಸಂಪಾದಕರು ಕಣ್ಣಿನಿಂದ ಓದಲಿಲ್ಲ, ಕಣ್ಣೀರಿನಿಂದ ಓದಿದರು, ಎಂದಳು, ಸಭೆ ನಕ್ಕಿತು, ಆ ನಗು ಬರಲೆಂದೇ ಹಿಂದಿನ ರಾತ್ರಿ ಕನ್ನಡಿಯ ಮುಂದೆ ಆ ವಾಕ್ಯವನ್ನು ಹೇಳಿ ನೋಡಿಕೊಂಡಿದ್ದಳಲ್ಲ, ಛೇ, ಮೇಷ್ಟ್ರೂ ನಕ್ಕರು, ನಕ್ಕು ಕನ್ನಡಕ ತೆಗೆದು ಟೈಯ ತುದಿಯಲ್ಲಿ ಒರೆಸಿಕೊಂಡರು, ಆ ವರ್ಷದಿಂದ ಅವರ ಪುಸ್ತಕವನ್ನು ಒಂದು ರಂಗಮಂದಿರವೂ ಕೇಳಲಿಲ್ಲ.

ಮತ್ತೆ ಇವತ್ತು ಬೆಳಗ್ಗೆ, ರಂಗಮಂದಿರದ ಮೊಗಸಾಲೆಯಲ್ಲಿ, ಆ ಮೂಲ ಪುಸ್ತಕವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಜನಕ್ಕೆ ತೋರಿಸಬೇಕು, ಅದೇ ಪುಟ ತೆರೆದಿಡಬೇಕು ಎಂದು ಹಟ ಹಿಡಿದವಳೂ ಅವಳೇ, ಗ್ರಂಥಾಲಯದ ಹೆಂಗಸು ಬಿಳಿ ಕೈಗವಸು ತೊಟ್ಟು ಹಾಳೆಯನ್ನು ಮೆಲ್ಲಗೆ ಎತ್ತಿದಳು, ಹಿಂದೆ ಕಿಟಕಿ, ಕಿಟಕಿಯ ತುಂಬ ಬಿಸಿಲು, ಹೊಲಿಗೆ ಸಡಿಲವಾದ ಪುಸ್ತಕವೆಂದು ಓದುವ ಕೋಣೆಯಲ್ಲಿ ಯಾವಾಗಲೂ ಮಲಗಿಸಿಯೇ ಇಡುತ್ತಿದ್ದರು, ಆ ಹಾಳೆ ಬೆಳಕಿಗೆ ಎದುರಾಗಿ ನಿಂತದ್ದನ್ನು ಅವಳು ಕಂಡೇ ಇರಲಿಲ್ಲ, ಈಗ ಕಂಡಳು, ಅಡ್ಡಗೆರೆ ಈ ಬದಿಯದಲ್ಲ, ಹಿಂಬದಿಯಲ್ಲಿ ಕೊಳಲಿನ ಸ್ವರಗಳನ್ನು ಕೂಡಿಸಲು ಎಳೆದ ಒಂದು ಕಮಾನುಗೆರೆಯ ತುದಿ, ಶಾಯಿ ಸೋರಿ ಇತ್ತ ಮೂಡಿದ್ದು, ಕೆಳಗೆ ತಾಳ ಬಿಡಿಸುವ ಗೆರೆಯೆಂದುಕೊಂಡದ್ದು ಗೆರೆಯಲ್ಲ, ಕಾಲು, ಅಕ್ಷರದ ಕಾಲು, ಒಂದು ಕ್ಷಣ ಅಷ್ಟೇ, ಹೆಂಗಸು ಹಾಳೆಯನ್ನು ಮಲಗಿಸಿದಳು, ಗಾಜು ಮುಚ್ಚಿದಳು, ಸರಿಯಾಯ್ತಾ ಮೇಡಂ ಎಂದಳು, ಸರಿಯಾಯ್ತು ಎಂದಳು ಒರ್ತೆನ್ಸಿಯಾ, ಅದೂ ನಗುತ್ತಾ, ಸರಿಯಾಯ್ತು ಎಂದಳಲ್ಲ, ಆಗಲೇ ಹೇಳಿಬಿಡಬಹುದಿತ್ತು, ರಂಗಮಂದಿರದ ವ್ಯವಸ್ಥಾಪಕನ ಕೋಣೆ ಹತ್ತೇ ಹೆಜ್ಜೆ, ಸ್ವಾಮೀ ನಾನು ತಪ್ಪಿದೆ, ಆ ಹುಡುಗಿಗೆ ಅವಳ ಮಾತು ವಾಪಸ್ಸು ಕೊಡಿ, ಎರಡು ಸ್ವರ, ಯಾವ ಹಾಡುವವಳಿಗೂ ಬಾಯಿಪಾಠ, ಅವಳೋ ಕಾಫಿ ಕುಡಿಯಲು ಹೋದಳು, ನಾಳೆ ಕಳೆಯಲಿ, ಆಮೇಲೆ ಯಾವುದೋ ಸಂಚಿಕೆಯ ಕೊನೆಯಲ್ಲಿ ಸಣ್ಣದೊಂದು ಟಿಪ್ಪಣಿ ಬರೆದರಾಯಿತು ಎಂದು ಲೆಕ್ಕ ಹಾಕುತ್ತಾ ಸಕ್ಕರೆ ಕಲಸಿದಳು, ಥೂ, ಎಂಥ ಹೆಂಗಸು ನೀನು.

ಬಂತು, ಬಂತು ಆ ಜಾಗ, ಪಿಟೀಲುಗಳು ಒಂದೊಂದಾಗಿ ನಿಲ್ಲುತ್ತಿವೆ, ಅಣ್ಣ ಕಾಲು ಹಿಡಿದಿದ್ದಾನೆ, ಅಲ್ದೀನಾ ಆಗಿರುವ ಸಿಲ್ವಾನಾ ಅವನ ತಲೆಯ ಕಡೆ ಕೈ ಚಾಚಿ, ಮುಟ್ಟದೆ, ಬಾಯಿ ತೆರೆಯುತ್ತಾಳೆ, ಏನೂ ಬರುವುದಿಲ್ಲ, ಒರ್ತೆನ್ಸಿಯಾ ಗಂದಿನಿ ಬರಬೇಡ ಎಂದದ್ದಕ್ಕೆ ಬರುವುದಿಲ್ಲ, ಅಣ್ಣ ಮುಖ ಎತ್ತಿ ಕಾಯುತ್ತಾನೆ, ಅಟ್ಟದವರು ಕಾಯುತ್ತಾರೆ, ಅವಳು ಬಿದ್ದಳು, ಪರದೆ, ಮೇಲೆ ಒಬ್ಬ ಮುದುಕನ ದನಿ, ಪಾಪ ಅವನನ್ನ ಹಾಗೇ ಬಿಟ್ಟು ಹೋದ್ಳಲ್ಲೋ, ನಗು ಇಲ್ಲ ಈ ಸಲ, ಈಗ ಹೇಳು, ಈಗ ತಿರುಗಿ ಹೇಳು, ಮೇಷ್ಟ್ರೇ, ಎಂದಳು, ದನಿ ಬಂತು, ನಿಜವಾಗಿಯೂ ಬಂತು, ಆದರೆ ಅವರು ಅವಳ ಮೊಣಕೈ ಹಿಡಿದರು, ಇರು, ನಾನು ಮೊದಲು ಹೇಳ್ಬೇಕು, ಈಗ ಹೇಳ್ದೆ ಇದ್ರೆ ನನ್ನ ಕೈಲಾಗಲ್ಲ, ನಾಳೆ ತೆರೆ ಏಳೋ ಮುಂಚೆ ವೇದಿಕೆ ಹತ್ತಿ ಎಲ್ಲರ ಮುಂದೆ ಒಪ್ಕೋತೀನಿ ಮಗೂ, ಸತ್ತವನ ಬಾಯಿಗೆ ನಾನು ಮಾತು ತುರುಕಿದ್ದೆ, ನಲವತ್ತು ವರ್ಷ, ಇವತ್ತು ಕಣ್ಣಾರೆ ನೋಡಿದ ಮೇಲೆ ಅನುಮಾನವೇ ಉಳೀಲಿಲ್ಲ, ಇದೇ ಸರಿ — ಇಲ್ಲ ಮೇಷ್ಟ್ರೇ — ಇರೇ, ಇನ್ನೂ ಇದೆ, ಬೊಲೋನ್ಯದಲ್ಲಿ ನಾನು ನಗ್ತಾ ಇದ್ನಲ್ಲ, ಒಳಗೆ ನೀನು ಹಾಳಾಗಿ ಹೋಗ್ಲಿ ಅಂತ ಶಾಪ ಹಾಕ್ದೆ, ನನ್ನ ಕೈಯಲ್ಲಿ ಬೆಳೆದ ಹುಡುಗೀಗೆ, ಅದಕ್ಕೂ ಕ್ಷಮಿಸ್ಬಿಡು, ಎಂದು ಕಿರುಬೆರಳು ಮುಂದೆ ಮಾಡಿದರು, ಈ ಊರಿನ ಮಕ್ಕಳು ಟೂ ಬಿಟ್ಟ ಮೇಲೆ ಮತ್ತೆ ಒಂದಾಗಲು ಚಾಚುವ ಹಾಗೆ, ಗಂಟು ಬಿದ್ದ, ಉಗುರಿನ ಅಂಚಿನಲ್ಲಿ ಶಾಯಿಯ ಕಲೆ ಕೂತ ಕಿರುಬೆರಳು, ಪಾಚೆ, ಎಂದರು, ಪಾಚೆ ತಾನೇ ಒರ್ತೆನ್ಸಿಯಾ, ಅವರ ಕಣ್ಣಿನ ತುಂಬ ನೀರು, ಹೇಳು, ಆ ಮಾತು ಅಲ್ಲೇ ಇದೆ, ನೀವು ಓದಿದ್ದೇ ಅಲ್ಲಿದೆ, ಕಾಲು ಇದೆ ಮೇಷ್ಟ್ರೇ ಅದಕ್ಕೆ, ಹೇಳು, ಬೆರಳು ಕಾಯುತ್ತಿದೆ, ಪಾಚೆ ಮೇಷ್ಟ್ರೇ, ಎಂದಿತು ಅವಳ ಬಾಯಿ, ಕೈ ತಾನಾಗಿ ಎದ್ದು ಹೋಗಿ ಕೊಂಡಿ ಹಾಕಿತು, ಅವರು ಉಸಿರು ಬಿಟ್ಟರು, ದೊಡ್ಡ ಉಸಿರು, ವರ್ಷಗಳಿಂದ ಹೊತ್ತದ್ದನ್ನು ಇಳಿಸಿದವರ ಉಸಿರು, ಬಿಡಿಸಿಕೋ, ಈಗಲಾದರೂ ಬಿಡಿಸಿಕೊಂಡು ಹೇಳು, ಅವರು ಬಿಡುತ್ತಿಲ್ಲ, ನಗುತ್ತಾ ಮಕ್ಕಳ ಹಾಗೆ ಕೈ ಮೇಲೆ ಕೆಳಗೆ ಆಡಿಸುತ್ತಿದ್ದಾರೆ, ಅವಳ ಬೆರಳಿಗೆ ಸಿಕ್ಕಿಕೊಂಡ ಆ ಬೆರಳು, ತಣ್ಣಗಿನ, ಶಾಯಿಯ ಕಲೆಯ ಬೆರಳು, ಮೇಲೆ, ಕೆಳಗೆ, ಆ ಬೆರಳು